ಗೋಡೆಯ ಮೇಲೆ ಉಳಿದ ಹಳೆಯ ಸಾಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಸ್ ಡಿಪೋದ ವಿಶ್ರಾಂತಿ ಕೋಣೆಯಲ್ಲಿ ಮೊದಲ ಪಾಳಿಯ ಚಾಲಕರು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದಾರೆ. ಕೈತೊಳೆಯುವ ಬೇಸಿನ್ ಪಕ್ಕದ ಗೋಡೆಗೆ ಮುಖ ಮಾಡಿ ನಿಂತ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಹಳೆಯ ಕಾಗದವೊಂದನ್ನು ಒದ್ದೆ ಬಟ್ಟೆಯಲ್ಲಿ ನೆನೆಸಿ, ಚಪ್ಪಟೆ ಚಾಕುವಿನಿಂದ ಕೆರೆಯುತ್ತಿದ್ದಾರೆ. ಅಂಟು ಹಚ್ಚುವಾಗ ಅವರು ಜಿಪುಣತನ ಮಾಡಿದವರಲ್ಲ. ಕಾಗದದ ಜೊತೆ ಗೋಡೆಯ ಬಣ್ಣವೂ ಕಿತ್ತು ಬರುತ್ತಿದೆ.

“ಮೊನ್ನೆ ತಾನೆ ಹೊಸದು ಹಚ್ಚಿದ್ರಲ್ಲ ಅಕ್ಕ, ಅಷ್ಟರಲ್ಲೇ ಹಳೇದಾಯ್ತಾ?” ಎಂದು ಚಾಲಕರೊಬ್ಬರು ಕೇಳುತ್ತಾರೆ.

“ಆಯ್ತಪ್ಪ. ನಿಮ್ಮ ಬಸ್ಸಿಗೆ ಆಯಿಲ್ ಬದಲಾಯಿಸಲ್ವಾ? ಇದೂ ಹಾಗೇ.”

“ಹೀಗೆ ಬದಲಾಗ್ತಾನೇ ಇದ್ರೆ ನಾವು ಯಾವುದನ್ನ ನಂಬೋದು?”

ಚಾಲಕರೆಲ್ಲ ನಗುತ್ತಾರೆ. ಅಕ್ಕ ಮಾತ್ರ ನಗುವುದಿಲ್ಲ. ಆ ಪ್ರಶ್ನೆ ಎರಡು ವಾರದಿಂದ ಅವರ ಬೆನ್ನು ಬಿಟ್ಟಿಲ್ಲ ಎಂಬುದು ನನಗೆ ಆಮೇಲೆ ಗೊತ್ತಾಯಿತು.

ಊರಿನ ದುಡಿಯುವ ಜನರ ಬಾಯಲ್ಲಿ ಇವರು ‘ರಿಪೇರಿ ಅಕ್ಕ’. ಸೈಕಲ್ಲು, ಮಿಕ್ಸಿ ರಿಪೇರಿ ಮಾಡುವವರಲ್ಲ. ಇವರು ರಿಪೇರಿ ಮಾಡುವುದು ಲೇಖನಗಳನ್ನು. ಕಾರ್ಮಿಕರ ಆರೋಗ್ಯ ಕೇಂದ್ರವೊಂದರ ವೆಬ್‌ಸೈಟಿನಲ್ಲಿ ಆರು ಉದ್ದನೆಯ ಲೇಖನಗಳಿವೆ. ಬೆನ್ನುನೋವು, ಸೋಪಿನ ನೀರಿಗೆ ಬಿರಿಯುವ ಕೈ, ಯಂತ್ರದ ಸದ್ದಿಗೆ ಮಂದವಾಗುವ ಕಿವಿ, ಹೀಗೆ ಒಂದೊಂದಕ್ಕೂ ಒಂದೊಂದು. ಆ ವಿಷಯದ ಬಗ್ಗೆ ಪ್ರಪಂಚದಲ್ಲಿ ಯಾರ್ಯಾರು ಏನೇನು ಅಧ್ಯಯನ ಮಾಡಿದ್ದಾರೋ ಅದನ್ನೆಲ್ಲ ಒಟ್ಟುಮಾಡಿ, ಸೋಸಿ, ತೂಗಿ, ಒಂದೇ ಕಡೆ ಹೇಳುವ ಬರಹಗಳು ಅವು. ಹೊಸ ಅಧ್ಯಯನ ಬಂದ ಹಾಗೆ ಲೇಖನವೂ ಬದಲಾಗಬೇಕು. ಪತ್ರಿಕೆಗೆ ಬರೆದು ಕೈತೊಳೆದುಕೊಳ್ಳುವ ಪೈಕಿಗೆ ಸೇರಿದ ನನಗೆ, ಬರೆದದ್ದನ್ನು ಸಾಕುವ ಈ ಕೆಲಸ ಕಂಡು ಮೊದಲು ಅಚ್ಚರಿ, ಆಮೇಲೆ ಸ್ವಲ್ಪ ನಾಚಿಕೆಯಾಯಿತು.

ಆರೋಗ್ಯ ಕೇಂದ್ರವೆಂದರೆ ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆ. ಮೊದಲನೆಯದರಲ್ಲಿ ಡಾಕ್ಟರಮ್ಮ ಕೂರುತ್ತಾರೆ. ಎರಡನೆಯದರಲ್ಲಿ ಅಕ್ಕ, ಕಿಟಕಿಯ ಮೇಲೊಂದು ಬಾಡದ ಗಿಡ, ಒಂದು ಕಂಪ್ಯೂಟರ್, ಅದರೊಳಗೆ ‘ಮಹರಾಯ’. ಮಹರಾಯ ಎಂದರೆ ಎಐ ಸಹಾಯಕ. ಅದಕ್ಕೆ ಆ ಹೆಸರು ಯಾಕೆ ಬಂತೆಂದು ತಿಳಿಯಲು ಅಕ್ಕನ ಪಕ್ಕ ಹತ್ತು ನಿಮಿಷ ಕೂತರೆ ಸಾಕು.

ಹೊಸ ಅಧ್ಯಯನವೊಂದನ್ನು ಓದಿ, ಬೆನ್ನುನೋವಿನ ಲೇಖನದಲ್ಲಿ ಎಲ್ಲಿ ಏನು ಸೇರಿಸಬಹುದೆಂದು ಮಹರಾಯ ಬರೆದುಕೊಟ್ಟಿದೆ. ಅಕ್ಕ ಟಕಟಕನೆ ಕುಟ್ಟುತ್ತಾರೆ: ‘ಇದರಲ್ಲಿದ್ದ ಜನ ಯಾರು? ಕುರ್ಚಿಯಲ್ಲಿ ಕೂರುವವರೋ, ಮೂಟೆ ಹೊರುವವರೋ?’ ಉತ್ತರ ತಟ್ಟನೆ ಬರುತ್ತದೆ: ‘ಹೆಚ್ಚಿನವರು ಕಚೇರಿ ಕೆಲಸದವರು. ಮೂಟೆ ಹೊರುವವರಿಗೆ ಇದು ಎಷ್ಟು ಒಪ್ಪುತ್ತದೆ ಎಂಬುದು ಈ ಅಧ್ಯಯನದಿಂದ ತಿಳಿಯುವುದಿಲ್ಲ.’

“ಅದನ್ನ ಮೊದಲೇ ಬೊಗಳೋಕೇನಾಗಿತ್ತು ಮಹರಾಯ,” ಎಂದು ಅಕ್ಕ ಪರದೆಗೆ ಗದರುತ್ತಾರೆ. ನನ್ನ ಕಡೆ ತಿರುಗಿ, “ಒಳ್ಳೇದೇ ಇದು. ನಾನು ಒಂದು ವರ್ಷ ಓದೋದನ್ನ ಒಂದು ಬೆಳಗ್ಗೆ ಓದಿ ಮುಗಿಸತ್ತೆ, ಸುಸ್ತು ಅನ್ನಲ್ಲ. ಆದ್ರೆ ಎಲ್ಲರ ಹತ್ರಾನೂ ಒಳ್ಳೆಯವನು ಅನಿಸ್ಕೋಬೇಕು ಅನ್ನೋ ಚಟ. ಇಬ್ಬರು ಪಂಡಿತರು ಜಗಳ ಆಡ್ತಿದ್ರೆ, ಹಾವೂ ಸಾಯದ ಹಾಗೆ ಕೋಲೂ ಮುರಿಯದ ಹಾಗೆ ಒಂದು ಸಾಲು ಬರೆದಿಡತ್ತೆ. ಓದೋರಿಗೆ ಹಾವಿದೆ ಅಂತಾನೇ ಗೊತ್ತಾಗಲ್ಲ. ಜಗಳ ಇದ್ರೆ ಜಗಳ ಇದೆ ಅಂತ ಬರಿ ಅಂತೀನಿ. ಹೇಳಿದ್ರೆ ಕೇಳತ್ತೆ, ಅದನ್ನ ಒಪ್ಪಬೇಕು,” ಎನ್ನುತ್ತಾರೆ.

ಹೀಗೆ ಬರೆದು, ಬೈದು, ತಿದ್ದಿದ್ದನ್ನು ಡಾಕ್ಟರಮ್ಮ ಓದಿ ಹೂಂ ಅಂದ ಮೇಲೆ ಅದು ವೆಬ್‌ಸೈಟಿಗೆ ಹೋಗುತ್ತದೆ. ಫೋನಿನಲ್ಲಿ ಉದ್ದದ ಲೇಖನ ಓದುವ ತಾಳ್ಮೆ ಇಲ್ಲದವರಿಗಾಗಿ ಮುಖ್ಯ ಭಾಗವನ್ನು ಒಂದು ಹಾಳೆಯಲ್ಲಿ ಪ್ರಿಂಟ್ ಹಾಕಿ, ಡಿಪೋ, ಲಾಂಡ್ರಿ, ಗೋದಾಮುಗಳ ಗೋಡೆಗೆ ಅಕ್ಕನೇ ಹೋಗಿ ಹಚ್ಚುತ್ತಾರೆ. “ಮಹರಾಯನಿಗೆ ಕಾಲಿಲ್ಲವಲ್ಲ,” ಎಂಬುದು ಅವರ ಸಮಜಾಯಿಷಿ.

ಲೇಖನದಲ್ಲಿ ಎಲ್ಲೂ ಅಕ್ಕನ ಹೆಸರಿಲ್ಲ. ಕೇಂದ್ರಕ್ಕೆ ಬಂದದ್ದು ಟೈಪಿಸ್ಟ್ ಆಗಿ. ಅಪ್ಪ ತೀರಿಕೊಂಡಾಗ ಅಣ್ಣ ಶಾಲೆ ಬಿಟ್ಟು ಬೇಕರಿ ಸೇರಿದರು, ತಂಗಿಯನ್ನು ಟೈಪಿಂಗ್ ಕಲಿಯಲು ಕಳಿಸಿದರು. ಕಪಾಟಿನಲ್ಲಿದ್ದ ಹಳೆಯ ಕೈಪಿಡಿಗಳನ್ನೆಲ್ಲ ಸೇರಿಸಿ ಅಕ್ಕ ತಮ್ಮ ಮೊದಲ ಲೇಖನ ಹೊಂದಿಸಿದರು. ಮಹರಾಯ ಬರುವ ಎಷ್ಟೋ ಮೊದಲಿನ ಮಾತದು. ಬೆನ್ನುನೋವಿನ ಬಗ್ಗೆಯೇ ಬರೆದಿದ್ದೂ ಹಿಟ್ಟಿನ ಮೂಟೆ ಹೊರುವ ಅಣ್ಣನನ್ನು ನೆನೆದು. ಅದರ ಮೊದಲ ಪ್ರತಿಯನ್ನು ಅಣ್ಣ ತಮ್ಮ ಬೇಕರಿಯ ಒಳಕೋಣೆಯಲ್ಲಿ ಅಂಟಿಸಿಕೊಂಡರು. ಬಂದವರಿಗೆಲ್ಲ ತೋರಿಸಿ, “ನನ್ನ ತಂಗಿ ಬರೆದಿದ್ದು,” ಎನ್ನುತ್ತಿದ್ದರು.

ಎಡವಟ್ಟಾಗಿದ್ದು ಅಲ್ಲೇ. ಆ ಹಾಳೆಯಲ್ಲಿ ಒಂದು ಸಾಲಿತ್ತು: ‘ನೋವು ಪೂರ್ತಿ ಹೋಗುವ ತನಕ ಹಾಸಿಗೆ ಬಿಟ್ಟು ಏಳಬೇಡಿ.’ ಹಳೆಯ ಕೈಪಿಡಿಗಳು ಹೇಳುತ್ತಿದ್ದುದು ಅದನ್ನೇ. ಈಚೆಗೆ ಮಹರಾಯನ ಜೊತೆ ಕೂತು ಇಡೀ ಲೇಖನವನ್ನು ಹೊಸದಾಗಿ ಹೊಂದಿಸುವಾಗ, ಈ ಸಾಲು ಈಗಿನ ಅಧ್ಯಯನಗಳಿಗೆ ಹೊಂದುವುದಿಲ್ಲವೆಂದು ಬೊಟ್ಟು ಮಾಡಿದ್ದೇ ಮಹರಾಯ. ಸಾಮಾನ್ಯ ಬೆನ್ನುನೋವಾದರೆ ತಾಳಿಕೊಳ್ಳುವಷ್ಟು ಓಡಾಡುವುದೇ ಮೇಲು. ಕಾಲು ಮರಗಟ್ಟಿದರೆ, ಜ್ವರ ಬಂದರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಬೇಕು. ಡಾಕ್ಟರಮ್ಮನೂ ಹೌದೆಂದರು. ಹಳೆಯ ಸಾಲು ಹೋಯಿತು, ಹೊಸದು ಬಂತು, ಹೊಲಿಗೆ ಕೂಡ ಕಾಣದಷ್ಟು ನಯವಾಗಿ. ಊರಿನ ಗೋಡೆಗಳೆಲ್ಲ ಬದಲಾದವು.

“ಒಂದು ಗೋಡೆ ಬಿಟ್ಟು,” ಎನ್ನುತ್ತಾರೆ ಅಕ್ಕ. “ನಮ್ಮ ಅಣ್ಣನ ಗೋಡೆ ತಾನೆ, ಯಾವಾಗ ಬೇಕಾದ್ರೂ ಹಚ್ಚಿದ್ರಾಯ್ತು ಅಂತ ಬಿಟ್ಟೆ. ದೀಪದ ಕೆಳಗೆ ಕತ್ತಲೆ ಅಂತಾರಲ್ಲ, ಹಾಗಾಯ್ತು.”

ಎರಡು ವಾರದ ಹಿಂದೆ ಮೂಟೆ ಎತ್ತುವಾಗ ಅಣ್ಣನ ಸೊಂಟ ಹಿಡಿದುಕೊಂಡಿತು. ಡಾಕ್ಟರಮ್ಮ ನೋಡಿ, ಅಪಾಯವೇನಿಲ್ಲ, ನಿಧಾನವಾಗಿ ನಡೆದಾಡಿ ಅಂದರು. ಅಣ್ಣ ಬೇಕರಿಯ ಹಾಳೆಯನ್ನು ನೆನೆದು ಮಲಗಿಯೇಬಿಟ್ಟರು. ಏಳು ಎಂದು ಅಕ್ಕ ಬಾಯಲ್ಲಿ ಎಷ್ಟು ಹೇಳಿದರೂ, ನೀನೇ ಬರೆದ ಹಾಳೆ ಹಾಗನ್ನುವುದಿಲ್ಲವಲ್ಲ ಎನ್ನುತ್ತಾರೆ. ದಿನ ಕಳೆದಷ್ಟೂ ಮೈ ಬಿಗಿಯುತ್ತಿದೆ, ಏಳಲು ಇನ್ನಷ್ಟು ಹೆದರಿಕೆ. ಹೀಗೇ ಬಿಟ್ಟರೆ ಅಣ್ಣ ಮತ್ತೆ ಒಲೆಯ ಮುಂದೆ ನಿಲ್ಲುವುದಿಲ್ಲವೇನೋ ಎಂಬುದು ಅಕ್ಕನ ಭಯ. ಅಣ್ಣನಿಲ್ಲದ ಬೇಕರಿಯ ಬ್ರೆಡ್ಡು ಈಗ ಗೋಡೆ ಕಟ್ಟಲು ಲಾಯಕ್ಕಾಗಿದೆ ಎಂಬುದು ಗಿರಾಕಿಗಳ ದೂರು.

ಡಿಪೋದಲ್ಲಿ ಹಾಳೆ ಬದಲಾಯಿಸಿದ ದಿನವೇ ಮಧ್ಯಾಹ್ನ ಅಕ್ಕನ ಜೊತೆ ನಾನೂ ಅಣ್ಣನ ಮನೆಗೆ ಹೋಗುತ್ತೇನೆ. ಬಾಗಿಲಲ್ಲೇ ಅತ್ತಿಗೆ ಅಲವತ್ತುಕೊಳ್ಳುತ್ತಾರೆ: “ನಾನು ಹೇಳಿದ್ರೆ ಕಿವಿಗೇ ಹಾಕ್ಕೊಳಲ್ಲ. ತಂಗಿ ಬರೆದಿದ್ದು ಅಂದ್ರೆ ವೇದವಾಕ್ಯ. ನೀವೇ ಮಲಗಿಸಿದ್ದೀರಿ, ನೀವೇ ಎಬ್ಬಿಸಿ.”

ಅಣ್ಣ ಮಂಚದ ಮೇಲೆ ಹಲಗೆಯಂತೆ ಮಲಗಿದ್ದಾರೆ. ಬೇಕರಿಯಿಂದ ತರಿಸಿಕೊಂಡ ಆ ಹಳೆಯ ಹಾಳೆ ದಿಂಬಿನ ಪಕ್ಕದಲ್ಲಿದೆ. ಅಕ್ಕ ಫೋನಿನಲ್ಲಿ ಹೊಸ ಲೇಖನ ತೆರೆದು ತೋರಿಸುತ್ತಾರೆ. ಅಣ್ಣ ಕನ್ನಡಕ ಏರಿಸಿ ಓದುತ್ತಾರೆ.

“ಇದರಲ್ಲಿ ಮಲಗಿ ಅಂತ ಇತ್ತು ಅನ್ನೋ ಸುಳಿವೇ ಇಲ್ಲವಲ್ಲ ಪುಟ್ಟಿ. ನಾನೇನು ಕನಸು ಕಂಡ್ನಾ?”

“ಬದಲಾಯಿಸಿದ್ವಿ ಅಣ್ಣ.”

“ಯಾರು ಬದಲಾಯಿಸಿದ್ದು? ನಿನ್ನ ಆ ಮಿಷನ್ನು ತಾನೆ? ಈ ಕಾಗದ ನೀನು ಬರೆದಿದ್ದು. ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಮಿಷನ್ ಮಾತು ಕೇಳಿ ನಾನು ಸೊಂಟ ಮುರ್ಕೊಳ್ಳಲಾ?”

ಅಕ್ಕ ಫೋನು ಚೀಲಕ್ಕೆ ಹಾಕಿಕೊಂಡು ಏಳುತ್ತಾರೆ. ಹಿಂತಿರುಗಿ ಕೇಂದ್ರದ ಮೆಟ್ಟಿಲು ಹತ್ತುವಾಗ, “ಅವನು ಕೇಳಿದ್ದರಲ್ಲಿ ತಪ್ಪೇನಿದೆ ಹೇಳಿ? ಕಳ್ಳರ ಹಾಗೆ ಬದಲಾಯಿಸಿದ್ದು ನಾವು,” ಎನ್ನುತ್ತಾರೆ.

ಕಂಪ್ಯೂಟರ್ ಮುಂದೆ ಕೂತು, ಹಳೆಯ ಸಾಲು ತಪ್ಪಾಗಿತ್ತೆಂದು ಓದುಗರಿಗೆ ತಿಳಿಸುವ ಒಂದು ಟಿಪ್ಪಣಿ ಬೇಕೆಂದು ಮಹರಾಯನಿಗೆ ಹೇಳುತ್ತಾರೆ. ಬಂದ ಟಿಪ್ಪಣಿ ಇದು: ‘ಇತ್ತೀಚಿನ ಪುರಾವೆಗಳ ಹಿನ್ನೆಲೆಯಲ್ಲಿ ವಿಶ್ರಾಂತಿಗೆ ಸಂಬಂಧಿಸಿದ ಸಲಹೆಯನ್ನು ಪರಿಷ್ಕರಿಸಲಾಗಿದೆ.’ ಅಕ್ಕ ಅದನ್ನು ಎರಡು ಸಲ ಓದಿ ಅಳಿಸುತ್ತಾರೆ.

“ಇದನ್ನ ಓದಿದ್ರೆ ಅಣ್ಣ ಇನ್ನೊಂದು ಹೊದಿಕೆ ಕೇಳ್ತಾನೆ. ಈ ಒಂದು ಕೆಲಸ ನಾನೇ ಮಾಡಬೇಕು.”

ಟಕಟಕ ಓಡುತ್ತಿದ್ದ ಬೆರಳುಗಳು ಈಗ ನಿಧಾನವಾಗಿ ಕುಟ್ಟುತ್ತವೆ: ‘ಮೊದಲು ಇಲ್ಲಿ, ನೋವು ಪೂರ್ತಿ ಹೋಗುವ ತನಕ ಏಳಬೇಡಿ ಎಂದು ಬರೆದಿದ್ದೆ. ಹಳೆಯ ಕೈಪಿಡಿಗಳಲ್ಲಿ ಹಾಗಿತ್ತು. ಅದು ತಪ್ಪು. ಆಮೇಲೆ ಬಂದ ಅಧ್ಯಯನಗಳಲ್ಲಿ, ಮಲಗಿಯೇ ಇದ್ದವರಿಗಿಂತ ತಾಳುವಷ್ಟು ಓಡಾಡಿದವರು ಬೇಗ ಸುಧಾರಿಸಿದ್ದು ಕಂಡಿತು. ಇದನ್ನು ಎತ್ತಿ ತೋರಿಸಿದ್ದು ಎಐ ಸಹಾಯಕ. ಓದಿ ಒಪ್ಪಿದವರು ನಮ್ಮ ಡಾಕ್ಟರು. ಮೊದಲು ತಪ್ಪು ಬರೆದವಳೂ ಈಗ ತಿದ್ದುತ್ತಿರುವವಳೂ ನಾನೇ. ನನ್ನ ಮಾತು ನಂಬಿ ಮಲಗಿದವರು ದಯವಿಟ್ಟು ಏಳಬೇಕು.’

ಡಾಕ್ಟರಮ್ಮ ಓದಿ, ಒಂದಕ್ಷರವನ್ನೂ ಮುಟ್ಟದೆ ವಾಪಸ್ ಕೊಡುತ್ತಾರೆ. ಇನ್ನು ಮೇಲೆ ಯಾವ ಲೇಖನದಲ್ಲೂ ಏನನ್ನೂ ಸದ್ದಿಲ್ಲದೆ ಬದಲಾಯಿಸಬಾರದು, ಹಿಂದೆ ಏನಿತ್ತು, ಯಾಕೆ ಬದಲಾಯಿತು ಎಂಬುದನ್ನು ಮೇಲುಗಡೆಯೇ ಹೇಳಬೇಕು ಎಂದು ಮಹರಾಯನಿಗೂ ಕಟ್ಟಪ್ಪಣೆಯಾಗುತ್ತದೆ. ಮಹರಾಯ ತಕರಾರಿಲ್ಲದೆ ಒಪ್ಪಿ, ಉಳಿದ ಐದು ಲೇಖನಗಳಲ್ಲಿ ಸದ್ದಿಲ್ಲದೆ ಬದಲಾದ ಸಾಲುಗಳನ್ನೂ ಹುಡುಕಿಕೊಡಲೇ ಎಂದು ಕೇಳುತ್ತದೆ. “ನೋಡಿ, ಕೆಲಸಕ್ಕೆ ಬೆನ್ನು ತೋರಿಸೋ ಪೈಕಿ ಅಲ್ಲ,” ಎಂದು ಅಕ್ಕ ಆ ದಿನ ಮೊದಲ ಬಾರಿಗೆ ನಗುತ್ತಾರೆ.

ಸಂಜೆ ಆ ಟಿಪ್ಪಣಿ ಸೇರಿಸಿ ಪ್ರಿಂಟ್ ಹಾಕಿದ ಹೊಸ ಹಾಳೆಯನ್ನು ಅಣ್ಣನಿಗೆ ಓದಿ ಹೇಳಿದ್ದು ಅಕ್ಕನೇ. ಆಗ ನಾನಿರಲಿಲ್ಲ. ಅಣ್ಣ ದಿಂಬಿನ ಪಕ್ಕದ ಹಳೆಯ ಹಾಳೆಯನ್ನು ಮಡಿಸಿಟ್ಟು, “ಕೈ ಕೊಡು,” ಅಂದರಂತೆ. ಮೊದಲ ದಿನ ಬಾಗಿಲ ತನಕ, ಮರುದಿನ ಬೀದಿ ದೀಪದ ತನಕ. ಅತ್ತಿಗೆ ಹಿಂದೆ ಹಿಂದೆಯೇ ಕುರ್ಚಿ ಹಿಡಿದು ನಡೆದರಂತೆ.

ಈಗ ವಾರ ಕಳೆದಿದೆ. ನಸುಕಿನ ಬೇಕರಿಯಲ್ಲಿ ಒಲೆ ಉರಿಯುತ್ತಿದೆ. ಅಣ್ಣ ಮೂಟೆ ಎತ್ತುತ್ತಿಲ್ಲ; ಮೇಜಿನ ಮುಂದೆ ನಿಂತು ಹಿಟ್ಟು ನಾದುತ್ತಿದ್ದಾರೆ, ನಡುನಡುವೆ ಕೋಣೆಯ ಆ ತುದಿಗೆ ನಡೆದು ಬರುತ್ತಾರೆ. ಹೊರಗೆ ಗಿರಾಕಿಗಳು ಬಿಸಿ ಬ್ರೆಡ್ಡಿನ ವಾಸನೆಗೇ ನಿಂತಿದ್ದಾರೆ. ಅಕ್ಕ ಅಂಟಿನ ಡಬ್ಬಿ ಹಿಡಿದು, ಹಳೆಯ ಹಾಳೆ ಇದ್ದ ಜಾಗದಲ್ಲಿ ಹೊಸ ಹಾಳೆ ಅಳೆದು ನೋಡುತ್ತಿದ್ದಾರೆ.

ನಿಮಗೆ ಇನ್ನೇನಾಗಬೇಕು ಎಂದು ಅವರನ್ನು ಕೇಳುತ್ತೇನೆ. “ಹೆಸರು ಗಿಸರು ಬೇಡ. ಓದೋರು ಬಂದು, ಅಕ್ಕ ಇದು ನಿಜಾನಾ ಅಂತ ಜಗಳ ತೆಗೀಬೇಕು. ಅಷ್ಟೇ,” ಎನ್ನುತ್ತಾರೆ.

ಒಲೆ ನೋಡಿಕೊಳ್ಳುವ ಕೆಲಸಗಾರ ತಟ್ಟೆ ಎಳೆಯುತ್ತಲೇ ಅಣ್ಣನನ್ನು ಕೆಣಕುತ್ತಾನೆ: “ಯಜಮಾನ್ರೇ, ನಾಳೆ ಇದೂ ತಪ್ಪು ಅಂತ ಆದ್ರೆ?”

“ಆದ್ರೆ ಅವಳೇ ಬಂದು ಹೇಳ್ತಾಳೆ,” ಎನ್ನುತ್ತಾರೆ ಅಣ್ಣ, ಹಿಟ್ಟಿನಿಂದ ತಲೆಯೆತ್ತದೆ. “ತಪ್ಪಾಯ್ತು ಅಂತ ಮನೆ ಬಾಗಿಲಿಗೆ ಬಂದು ಹೇಳಿದೋರನ್ನ ಬಿಟ್ಟು ಇನ್ಯಾರನ್ನ ನಂಬಲಿ?” ಆಮೇಲೆ ತಂಗಿಯ ಕಡೆ ತಿರುಗಿ, ಗೋಡೆಯತ್ತ ಗಲ್ಲ ತೋರುತ್ತಾರೆ. “ಸ್ವಲ್ಪ ಮೇಲಕ್ಕೆ ಹಚ್ಚು ಪುಟ್ಟಿ. ಕೆಳಗೆ ಜಾಗ ಇರಲಿ, ಮುಂದಿನ ತಪ್ಪಿಗೆ ಬೇಕಾಗತ್ತೆ.”

ಅಕ್ಕ ಹಾಳೆಯನ್ನು ಒಂದು ಗೇಣು ಮೇಲಕ್ಕೆ ಹಚ್ಚುತ್ತಾರೆ.