ನಕ್ಷತ್ರ ಬಿದ್ದ ಹೆಸರು

ಹಂಪನಕಟ್ಟೆಯ ರಕ್ತದಾನಿಗಳ ಸಂಘದಲ್ಲಿ ಶಶಿಪ್ರಭಾಳ ಮಾತಿಗೆ ಎದುರಿರಲಿಲ್ಲ. ೧೯೮೮ರಲ್ಲಿ ಸಂಘಕ್ಕೆ ಕಂಪ್ಯೂಟರ್ ಬಂದಾಗ ಎರಡು ಸಾವಿರ ದಾನಿಗಳ ಹೆಸರನ್ನು ಬೆರಳು ನೋಯುವಷ್ಟು ಕುಟ್ಟಿ ಅದರೊಳಗೆ ತುಂಬಿದವಳು ಅವಳೇ. "ಇನ್ನು ಇದೆಲ್ಲ ಎಂತಕ್ಕೆ?" ಎಂದು ಹಳೆಯ ಕಾರ್ಡುಗಳನ್ನು ಗುಜರಿಗೆ ಹಾಕಿಸಿದವಳೂ ಅವಳೇ. ಶೆಟ್ಟರ ಮನೆಯ ಮಗಳು, ಹಿಡಿದ ಹಠ ಬಿಡುವವಳಲ್ಲ.

ಆ ವರ್ಷ ಆಯುಧಪೂಜೆ ಕಳೆದು ಕಚೇರಿ ತೆರೆದ ದಿನವೇ, ಕರೆಂಟು ಹೋಗಿ ಬಂದ ಹೊಡೆತಕ್ಕೆ ಕಂಪ್ಯೂಟರಿನೊಳಗಿನ ಪಟ್ಟಿ ಹಾಳಾಯಿತು. ಅವಳು ಹೆದರಲಿಲ್ಲ. ಪಟ್ಟಿಯ ನಕಲು ನಾಲ್ಕು ಫ್ಲಾಪಿಗಳಲ್ಲಿತ್ತು. ಅದನ್ನು ಮರಳಿ ತುಂಬಿಸುತ್ತಿರುವಾಗ ತೊಕ್ಕೊಟ್ಟಿನ ನೂರ್ ಮುಹಮ್ಮದ್ ಏದುಸಿರು ಬಿಡುತ್ತ ಒಳಗೆ ಬಂದ.

"ಅಕ್ಕ, ಹೆಂಡತಿಗೆ ಹೆರಿಗೆ ಆಯ್ತು, ರಕ್ತ ನಿಲ್ತಾ ಇಲ್ಲ. ಓ ನೆಗೆಟಿವ್ ಬೇಕಂತೆ. ಆಸ್ಪತ್ರೆಯಲ್ಲಿ ಇಲ್ಲ."

"ಐದು ನಿಮಿಷ ಕೂತ್ಕೊಳ್ಳಿ, ಹೆಸರು ತೆಗೆದು ಕೊಡ್ತೇನೆ."

ಪಟ್ಟಿ ತೆರೆಯಲಿಲ್ಲ. ಇದು ಪಟ್ಟಿಯೇ ಅಲ್ಲ ಎಂದಿತು ಯಂತ್ರ! ಆರಿಸಿ, ಮತ್ತೆ ಹಾಕಿ, ಮತ್ತೆ ತುಂಬಿಸಿದಳು. ಅದೇ ಉತ್ತರ. ಮೊದಲನೆಯ ಫ್ಲಾಪಿ ಮಾತ್ರ ಒಳಗೆ ಕರಕರ ಕೆರೆಯುತ್ತಿತ್ತು. ಹೊರಗೆಳೆದು ಕಿಟಕಿಯ ಬೆಳಕಿಗೆ ಹಿಡಿದಳು. ಯಂತ್ರ ಓದುವ ಕಿಂಡಿಯಲ್ಲೇ ಒಣಗಿದ ಗಂಧ, ಅದರ ಮೇಲೆ ಕುಂಕುಮ.

ಪ್ಯೂನ್ ಸಂಕಪ್ಪನನ್ನು ಬೈಯಲು ಬಾಯಿ ತೆರೆದವಳಿಗೆ ಪೂಜೆಯ ದಿನ ನೆನಪಾಯಿತು. ಸಂಕಪ್ಪ ಬೊಟ್ಟಿಟ್ಟದ್ದು ಯಂತ್ರಕ್ಕೆ ಮಾತ್ರ. "ಇದಕ್ಕೂ ಒಂದಿರಲಿ ಮಾರಾಯ" ಎಂದು ಮೇಲಿನ ಫ್ಲಾಪಿಗೆ ಭಕ್ತಿಯಿಂದ ಹಚ್ಚಿದ ಕೈ ತನ್ನದೇ. ಗುಜರಿಗೆ ಹೋದ ಕಾರ್ಡುಗಳು ಕಣ್ಣಮುಂದೆ ಬಂದವು.

"ಸಿಕ್ಕಿತಾ ಅಕ್ಕ?"

ಅವಳು ಉಳಿದ ಫ್ಲಾಪಿಗಳನ್ನು ಎತ್ತಿಕೊಂಡಳು. ಪಟ್ಟಿಯ ತಲೆಭಾಗ ಮೊದಲನೆಯದರಲ್ಲಿತ್ತು, ಅದು ಹೋಯಿತು. ಉಳಿದ ಮೂರು ಶುದ್ಧವಾಗಿದ್ದವಲ್ಲ? ಪಟ್ಟಿಯೆಂದು ತೆರೆಯುವುದು ಬೇಡ, ಒಳಗಿರುವುದನ್ನು ಇದ್ದ ಹಾಗೇ ಸುರಿ ಎಂದು ಯಂತ್ರಕ್ಕೆ ಆಜ್ಞೆ ಕೊಟ್ಟಳು. ಪರದೆಯ ಮೇಲೆ ಹಸಿರು ಅಕ್ಷರಗಳು ಒತ್ತೊತ್ತಾಗಿ ಓಡತೊಡಗಿದವು. ಇಬ್ಬರೂ ಕಣ್ಣು ಮಿಟುಕಿಸದೆ ನೋಡಿದರು. ಓ ನೆಗೆಟಿವ್ ಒಂದು ಸಿಕ್ಕಿತು, ಪಣಂಬೂರಿನದು. ಫೋನ್ ಎತ್ತುವವರಿಲ್ಲ. ಇನ್ನೊಬ್ಬರು ಮುಂಬಯಿಗೆ ಹೋಗಿದ್ದರು.

ಮೂರನೆಯ ಹೆಸರಿನ ಹಿಂದೆ ಪುಟ್ಟ ನಕ್ಷತ್ರವಿತ್ತು. ಅದು ಅವಳೇ ಹೊಡೆದುಹಾಕಿದ ಹೆಸರಿನ ಗುರುತು. ಪಟ್ಟಿ ಸರಿಯಾಗಿ ತೆರೆದಿದ್ದರೆ ಅದು ಕಾಣಿಸುತ್ತಲೇ ಇರಲಿಲ್ಲ.

"ಇವರು ದುಬೈಗೆ ಹೋದರಂತೆ, ಬಿಡಿ" ಎಂದು ಮುಂದೆ ಓಡಿಸಲು ಹೊರಟಳು.

"ನಿಲ್ಲಿಸಿ! ಅಹ್ಮದ್ ಬಾವ? ನಮ್ಮ ಜಮಾತಿನವರೇ! ರಜೆಯಲ್ಲಿ ಊರಿಗೆ ಬಂದಿದ್ದಾರೆ, ಮೊನ್ನೆ ಶುಕ್ರವಾರ ಮಸೀದಿಯಲ್ಲಿ ಮಾತಾಡಿದ್ದೇನೆ ಅಕ್ಕ!"

ಅಷ್ಟು ಹೇಳುವುದರೊಳಗೆ ಅವನು ಮೆಟ್ಟಿಲಿಳಿದಿದ್ದ.

ವಾರ ಕಳೆದು ಹಲ್ವದ ಪೊಟ್ಟಣ ಹಿಡಿದು ಬಂದ. ಅಹ್ಮದ್ ಬಾವ ಕೊಟ್ಟ ರಕ್ತದಿಂದ ಹೆಂಡತಿ ಮುಮ್ತಾಝ್ ಎದ್ದು ಕೂತಿದ್ದಾಳೆ, ಮಗು ಹುಷಾರಾಗಿದೆ. "ನಿಮ್ಮ ಮೆಷಿನ್ ನಮ್ಮ ಮನೆ ಉಳಿಸಿತು" ಎಂದ.

ಶಶಿಪ್ರಭಾ ಸುಮ್ಮನಿರಬಹುದಿತ್ತು, ಯಾರಿಗೂ ಗೊತ್ತಿರಲಿಲ್ಲ. ಅವಳು ಡ್ರಾಯರಿನಿಂದ ಆ ಫ್ಲಾಪಿ ತೆಗೆದು ಅವನ ಮುಂದಿಟ್ಟಳು.

"ಇದಕ್ಕೆ ಗಂಧ ಹಚ್ಚಿ ಪಟ್ಟಿ ಹಾಳು ಮಾಡಿದ್ದು ನಾನೇ. ಆ ದಿನ ಹೇಳಲಿಕ್ಕೆ ಧೈರ್ಯ ಬರಲಿಲ್ಲ."

ನೂರ್ ಮುಹಮ್ಮದ್ ಕೆಂಪು ಬೊಟ್ಟನ್ನು ನೋಡಿದ. "ಅಂದರೆ ಆ ದಿನ ಹೆಸರೇ ಸಿಗದೆ ಹೋಗ್ತಿತ್ತಾ ಅಕ್ಕ?" ಎಂದ. ಪೊಟ್ಟಣವನ್ನು ಕೈಯಲ್ಲೇ ಹಿಡಿದುಕೊಂಡು, ಅಂದು ಕಾದು ಕೂತಿದ್ದ ಅದೇ ಕುರ್ಚಿಯಲ್ಲಿ ಕುಸಿದು ಕುಳಿತ.