ಬಾಗಿಲಲ್ಲಿ ಪಾಸ್‌ಪೋರ್ಟ್

ಪಾವಗಡದ ಸೋಲಾರ್ ಕೆಲಸಕ್ಕೆ ಟರ್ಕಿಯಿಂದ ಬಂದಿದ್ದ ಇಂಜಿನಿಯರ್ ಒಬ್ಬರನ್ನು ನನ್ನ ಟ್ಯಾಕ್ಸಿಯಲ್ಲಿ ವಾಪಸ್ ಕರಕೊಂಡು ಬರ್ತಿದ್ದೆ. ಹುಟ್ಟಿದ್ದು ಚೀನಾದಲ್ಲಿ, ಉಯ್ಘರ್ ಮುಸ್ಲಿಮರು. ಶುಕ್ರವಾರ ಅಂತ ಶಿರಾದ ಹಳೇ ಕಲ್ಲಿನ ಮಸೀದಿ ಹತ್ತಿರ ನಿಲ್ಲಿಸಿದೆ.

ಇಳಿದವರೇ ಬಾಗಿಲಲ್ಲಿ ಕೂತಿದ್ದ ಮುದುಕರ ಮುಂದೆ ಪಾಸ್‌ಪೋರ್ಟ್ ಹಿಡಿದು ನಿಂತುಬಿಟ್ಟರು. ಮುದುಕರಿಗೆ ನಗು ಬಂತು. "ಇದ್ಯಾಕೆ ಸಾಬ್? ಕಾಲ್ ತೊಳ್ಕೊಂಡು ಒಳಕ್ಕೋಗಿ, ಹೊತ್ತಾಯ್ತು" ಅಂದರು. ನನ್ನ ಹರುಕು ಇಂಗ್ಲಿಷಲ್ಲಿ ಅದನ್ನ ತಿಳಿಸಿದೆ.

"ಹೆಸರು ಬರ್ಕೊಳ್ಳಲ್ವಾ? ಕ್ಯಾಮೆರಾ ಎಲ್ಲಿ?" ಅಂತ ಇಂಜಿನಿಯರ್ ಕೇಳಿದರು.

ಅವರೂರಲ್ಲಿ ಕಾರ್ಡ್ ತೋರಿಸದೆ ಮಸೀದಿಯೊಳಗೆ ಬಿಡ್ತಿರಲಿಲ್ಲವಂತೆ. ಹೋದವರ ಹೆಸರೆಲ್ಲ ಪೊಲೀಸರಿಗೆ. ನಮಾಜು ತಪ್ಪಿಸದ ಅವರಪ್ಪನನ್ನು ಹಿಡಿದು ಸರ್ಕಾರದ ಬಂಧನದ ಕ್ಯಾಂಪಿಗೆ ಹಾಕಿದರಂತೆ, ಆಮೇಲೆ ಮಸೀದಿಯನ್ನೇ ಕೆಡವಿದರಂತೆ. ಅಪ್ಪ ಇದ್ದಾರೋ ಇಲ್ಲವೋ, ಫೋನ್ ಮಾಡಿ ಕೇಳೋ ಹಾಗೂ ಇಲ್ಲ, ಹೊರದೇಶದಿಂದ ಫೋನ್ ಬಂದರೆ ಊರಲ್ಲಿರೋರಿಗೇ ತೊಂದರೆಯಂತೆ.

ಹೇಳಿ ಮುಗಿಸಿ, ಬಾಗಿಲ ಕಲ್ಲನ್ನು ಅಂಗೈಯಲ್ಲಿ ಮೆಲ್ಲಗೆ ಸವರಿದರು. ಒಂದು ತೆರೆದ ಬಾಗಿಲನ್ನು ಅಷ್ಟು ಹೊತ್ತು ನೋಡುತ್ತಾ ನಿಂತವರನ್ನು ನಾನು ಕಂಡೇ ಇರಲಿಲ್ಲ.

ಅವರು ಒಳಗೆ ಹೋದಮೇಲೆ ಮುದುಕರು ನನ್ನ ಹಣೆಯ ಕುಂಕುಮ ನೋಡಿಯೂ, "ನೀನ್ಯಾಕಪ್ಪ ಬಿಸ್ಲಲ್ಲಿ ನಿಂತಿದ್ದೀಯ? ಒಳಗ್ ಬಂದು ಕೂತ್ಕೋ" ಅಂದರು.

ಇಪ್ಪತ್ತು ವರ್ಷದಿಂದ ಈ ರಸ್ತೇಲಿ ಗಾಡಿ ಓಡಿಸ್ತೀನಿ. ನನ್ನನ್ನ ಯಾರೂ ಯಾವ ಕಾರ್ಡೂ ಕೇಳಿರಲಿಲ್ಲ. ಆದರೂ ಆ ಹೊಸ್ತಿಲು ದಾಟಿದ್ದು ಅವತ್ತೇ ಮೊದಲು.