ಕುಂಬಳಕಾಯಿಗೆ ಮಾವನ ಟೋಪಿ

ಗೆಳತಿಯರೇ, ಇವತ್ತು ಮಾವನವರ ಕರಿ ಫೆಲ್ಟ್ ಟೋಪಿಯನ್ನು ಬಿಸಿನೀರಿನಲ್ಲಿ ಒಗೆದುಬಿಟ್ಟೆ. ಅದು ಮುದುಡಿ ಕೂಸಿನ ಕುಲಾವಿಯಷ್ಟಾಯಿತು! ನಾನು ಬನಹಟ್ಟಿಯ ಸೊಸೆಯಾಗಿ ಇನ್ನೂ ತಿಂಗಳಾಗಿಲ್ಲ. ಅಳುವುದೊಂದೇ ಬಾಕಿ.

ಅತ್ತೆ ನಕ್ಕರು. "ಹಬಿ ಹಿಡದು, ಅವರ ತಲಿಯಷ್ಟ ದಪ್ಪಂದಕ್ಕ ಎಳದ ಹಾಕಿದ್ರ ಆತು. ಮಲಗ್ಯಾರ, ಸುಮ್ಕ ಹೋಗಿ ಅಳತಿ ತೊಗೊಂಬಾ."

ಮನೆಯ ಮಗ್ಗದಿಂದ ಒಂದು ನೂಲೆಳೆ ತಂದು ಮಾವನ ತಲೆಗೆ ಸುತ್ತಿದೆ. ಅವರು ಕಣ್ಣು ತೆರೆಯದೆಯೇ ಹೇಳಿದರು: "ಅಷ್ಟ ಬಿಗಿ ಹಿಡಿಬ್ಯಾಡವಾ, ಒಂದ್ ಬೆರಳ ಸಡ್ಲ ಬಿಡು."

ಆ ಅಳತೆಗೆ ಸರಿಹೊಂದಿದ್ದು ಅಡುಗೆಮನೆಯ ಕುಂಬಳಕಾಯಿ. ಟೋಪಿಗೆ ಹಬೆ ಹಿಡಿದು ಅದರ ಮೇಲೆಯೇ ಎಳೆದು ಕೂರಿಸಿದೆವು. ಈಗ ಕಟ್ಟೆಯ ಮೇಲೆ ಒಣಗುತ್ತಿದೆ.

ಅದರ ಮುಂದೆ ಹಾದುಹೋಗುವಾಗಲೆಲ್ಲ ನನ್ನ ಕೈ ತಾನಾಗಿಯೇ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಿದೆ.